ವಾಯಿದೆಯ ಲೆಕ್ಕ: ಸೋಮಂದೇಪಲ್ಲಿಗೆ ಪಾರ್ಸೆಲ್ ಯಾವಾಗ ಬರುತ್ತದೆ?



ಲೇಪಾಕ್ಷಿಯ ಗುಡಿಯಲ್ಲಿ ಕನ್ನಡ ಶಾಸನಗಳಿವೆ, ಹೇಮಾವತಿಯಲ್ಲಿ ನೊಳಂಬರ ಕಲ್ಲುಗಳಿವೆ, 1565ರ ಯುದ್ಧದ ನಂತರ ವಿಜಯನಗರದ ಅರಸರು ಬಂದು ನೆಲೆಸಿದ ಪೆನುಕೊಂಡೆ ಇಲ್ಲೇ ಹತ್ತಿರದಲ್ಲಿದೆ. ಇಂಥ ನಾಡಿನಲ್ಲಿ ದತ್ತಿ ಉಪನ್ಯಾಸಕ್ಕೆ ನಿಂತವರು ಪಾರ್ಸೆಲ್ಲಿನ ಮಾತೆತ್ತಿದರೆ ಸೋಜಿಗ ಎನಿಸೀತು. ಆದರೆ ದತ್ತಿಶಾಸನಗಳ ಒಕ್ಕಣೆಯನ್ನು ನೆನೆದರೆ ವಿಷಯ ಅಷ್ಟೇನೂ ದೂರದ್ದಲ್ಲ. ಶಕವರ್ಷ, ಮಾಸ, ತಿಥಿ, ವಾರ ಹೇಳಿ, ಇಂಥ ದೇವರ ನಂದಾದೀಪಕ್ಕೆ ಇಂಥ ಭೂಮಿಯ ಹುಟ್ಟುವಳಿ ಸಲ್ಲತಕ್ಕದ್ದು ಎಂದು ಕಲ್ಲಿನಲ್ಲಿ ಕೊರೆಸಿದವರು, ಎಣ್ಣೆ ಯಾವಾಗ ಬಂದೀತು ಎಂದು ಊಹೆ ಕಟ್ಟುತ್ತ ಕೂರಲಿಲ್ಲ. ಬರುವ ಹಾಗೆ ಕಟ್ಟುಪಾಡು ಮಾಡಿದರು. ಇವತ್ತು ಇದೇ ಸೀಮೆಯ ಮನೆಗಳಲ್ಲಿ ಫೋನು ಹಿಡಿದು ಕೇಳುವ ಪ್ರಶ್ನೆ ಕನ್ನಡದಲ್ಲಿ ‘ಯಾವಾಗ ಬರುತ್ತೆ?’, ತೆಲುಗಿನಲ್ಲಿ ‘ಎಪ್ಪುಡೊಸ್ತುಂದಿ?’. ಉತ್ತರವಾಗಿ ಒಂದು ತಾರೀಖು ತೆರೆಯ ಮೇಲೆ ಮೂಡುತ್ತದೆ. ಆ ತಾರೀಖು ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು, ನಂಬುವಂತೆ ಮಾಡಲು ಏನು ಬೇಕು ಎಂಬ ಮೂರು ಪ್ರಶ್ನೆಗಳೇ ಇವತ್ತಿನ ಉಪನ್ಯಾಸ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಸಣ್ಣ ಊರಿನಲ್ಲಿ ಪಾರ್ಸೆಲ್ಲಿನ ವೇಳೆಯನ್ನು ಊಹಿಸುವ ಜಾಣತನಕ್ಕೆ ಒಂದು ಮಿತಿಯಿದೆ, ಆ ಮಿತಿ ಬಹಳ ಬೇಗ ಎದುರಾಗುತ್ತದೆ. ಅದನ್ನು ದಾಟಬೇಕಾದರೆ ವೇಳೆಯನ್ನು ಗೊತ್ತುಮಾಡಬೇಕು. ಮುನ್ಸೂಚನೆ ಕೊಡುವ ಕೆಲಸ ಯಂತ್ರದ್ದಾಗುವುದಕ್ಕೆ ಮೊದಲು ಗಾಡಿಯದ್ದಾಗಬೇಕು.

ಊರಿನಿಂದಲೇ ಶುರುಮಾಡೋಣ. ಸೋಮಂದೇಪಲ್ಲಿ ಹಿಂದೂಪುರ–ಪೆನುಕೊಂಡೆ ದಾರಿಯ ಮೇಲಿರುವ ಮಂಡಲ ಕೇಂದ್ರ. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ರಚನೆಯಾಗುವ ತನಕ ಅನಂತಪುರ ಜಿಲ್ಲೆಯಲ್ಲಿತ್ತು. ಬೆಂಗಳೂರು–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 44 ಪೆನುಕೊಂಡೆಯ ಮೇಲೆ ಹೋಗುತ್ತದೆ. ಬೆಂಗಳೂರು–ಗುಂತಕಲ್ ರೈಲು ಮಾರ್ಗ ಹಿಂದೂಪುರ, ಪೆನುಕೊಂಡೆಗಳನ್ನು ಮುಟ್ಟುತ್ತದೆ. 2019ರಲ್ಲಿ ಉತ್ಪಾದನೆ ಆರಂಭಿಸಿದ ಕಿಯಾ ಕಾರು ಕಾರ್ಖಾನೆ ಪಕ್ಕದ ಪೆನುಕೊಂಡೆ ಮಂಡಲದ ಎರ್ರಮಂಚಿಯಲ್ಲಿದೆ. ಅಂದರೆ ಇದು ದಾರಿಯಿಲ್ಲದ ಕೊಂಪೆಯಲ್ಲ. ಬೆಂಗಳೂರಿನಿಂದ ನೂರು ಚಿಲ್ಲರೆ ಕಿಲೋಮೀಟರು. ಗಾಡಿಗೆ ನಾಲ್ಕು ಗಂಟೆ ಎಂದು ಧಾರಾಳವಾಗಿಯೇ ಲೆಕ್ಕ ಹಿಡಿಯೋಣ. ಬೆಂಗಳೂರಿನ ಗೋದಾಮಿನಿಂದ ಹೊರಟ ಪೆಟ್ಟಿಗೆ ಮೂರನೆಯ ದಿನ ಕೈಗೆ ಬಂತು ಎಂದರೆ ಯಾರೂ ತಡವಾಯಿತು ಎನ್ನುವುದಿಲ್ಲ. ಮೂರು ದಿನಕ್ಕೆ 72 ಗಂಟೆ. ಅದರಲ್ಲಿ ಚಕ್ರ ಉರುಳಿದ್ದು ನಾಲ್ಕು ಗಂಟೆ, ಎಂದರೆ ಹದಿನೆಂಟರಲ್ಲಿ ಒಂದು ಪಾಲು. ಉಳಿದ ಹದಿನೇಳು ಪಾಲು ಪೆಟ್ಟಿಗೆ ಎಲ್ಲೋ ಕೂತಿತ್ತು: ವಿಂಗಡಣೆಯ ಸರದಿಯಲ್ಲಿ, ಲಾರಿ ತುಂಬಲಿ ಎಂದು, ಚೀಲ ಕಟ್ಟುವ ಹೊತ್ತು ಮೀರಿತೆಂದು, ಭಾನುವಾರವೆಂದು. ಆದ್ದರಿಂದ ದೂರ, ರಸ್ತೆ, ವೇಗ ಇವನ್ನು ಎಷ್ಟು ನಿಖರವಾಗಿ ಅಳೆದರೂ ನಾವು ಅಳೆಯುವುದು ಆ ಹದಿನೆಂಟನೆಯ ಪಾಲನ್ನು ಮಾತ್ರ. ಪಟ್ಟಣದಲ್ಲಿ ಊಟದ ಪೊಟ್ಟಣ ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ಹೇಳುವ ವಿದ್ಯೆಗೆ ಟ್ರಾಫಿಕ್ಕೇ ದೊಡ್ಡ ತೊಡಕು. ಇಲ್ಲಿ ಟ್ರಾಫಿಕ್ಕಿನ ಬಾಧೆ ಕಡಿಮೆ, ಮಳೆಯೂ ಅಪರೂಪದ ಅತಿಥಿ. ರಾಯಲಸೀಮೆಯ ಈ ಭಾಗ ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. 2021ರ ನವೆಂಬರಿನ ಪ್ರವಾಹದಂಥದ್ದು ಯಾವಾಗಲೋ ಒಮ್ಮೆ. ಇಲ್ಲಿ ಹಿಡಿದಿಡಬೇಕಾದದ್ದು ಕಾಯುವ ಹೊತ್ತು. ಅದು ಭೂಗೋಳದ ವಿಷಯವಲ್ಲ, ಕೆಲಸದ ಕ್ರಮದ ವಿಷಯ.

ಈ ಮಾತನ್ನು ನಮ್ಮ ಹಿಂದಿನವರು ಅರಿತಿದ್ದರು ಎನ್ನುವುದಕ್ಕೆ ಅಂಚೆಯ ಇತಿಹಾಸವೇ ಸಾಕ್ಷಿ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ನೆಲೆಗೊಂಡ ಅಂಚೆ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರುವ ತನಕ ಬಾಳಿತು. ಆ ಕಾಲದ ಓಟಗಾರ ಎಷ್ಟೇ ಗಟ್ಟಿಗನಾದರೂ ಒಬ್ಬನೇ ಊರಿಂದೂರಿಗೆ ಓಡುತ್ತಿರಲಿಲ್ಲ. ಕಟ್ಟೆಯಿಂದ ಕಟ್ಟೆಗೆ ಓಡಿ ಚೀಲವನ್ನು ಮುಂದಿನವನ ಹೆಗಲಿಗೆ ದಾಟಿಸುತ್ತಿದ್ದ. ಗೆಜ್ಜೆಯ ಸದ್ದು ದೂರದಲ್ಲಿ ಕೇಳಿದೊಡನೆ ಮುಂದಿನವನು ಸಿದ್ಧನಾಗಿ ನಿಲ್ಲಬೇಕು. ಕಾಯುವಿಕೆಯನ್ನು ಕಡಿಮೆ ಮಾಡುವ ಉಪಾಯ ಅದು. ಕಂಪನಿ ಕಾಲದಲ್ಲಿ ಪಾರ್ಸೆಲ್ ಅಂಚೆಯನ್ನು ‘ಬಾಂಗಿ’ ಎನ್ನುತ್ತಿದ್ದರು. ಹೆಗಲ ಮೇಲಿನ ಅಡ್ಡೆಯ ಎರಡು ತುದಿಗೆ ಪೆಟ್ಟಿಗೆ ತೂಗುಹಾಕಿ ಹೊರುತ್ತಿದ್ದುದರಿಂದ ಬಂದ ಹೆಸರು. 1854ರ ಅಂಚೆ ಕಾಯಿದೆ ಬಂದಾಗ ಪತ್ರ ಎಷ್ಟು ದೂರ ಹೋದರೂ ಕಾಲು ತೊಲಕ್ಕೆ ಅರ್ಧ ಆಣೆ ಎಂದಾಯಿತು. ದರದಿಂದ ದೂರವನ್ನು ತೆಗೆದುಹಾಕಿದ ಹೆಜ್ಜೆ ಅದು. 1877ರಲ್ಲಿ ವಿ.ಪಿ. ಬಂತು, ಸಾಮಾನು ಕೈಗೆ ಬಂದಾಗ ಹಣ ಕೊಡುವ ಈಗಿನ ‘ಕ್ಯಾಶ್ ಆನ್ ಡೆಲಿವರಿ’ಗೆ ಅದೇ ಮುತ್ತಾತ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಹೌದು. ಇಷ್ಟು ದೀರ್ಘ ಚರಿತ್ರೆಯಲ್ಲಿ ಅಂಚೆಯವರು ಜನರ ನಂಬಿಕೆ ಗಳಿಸಿದ್ದು ‘ನಿಮ್ಮ ಪತ್ರ ಇಷ್ಟು ಗಂಟೆಗೆ ಬರುತ್ತದೆ’ ಎಂದು ಜ್ಯೋತಿಷ್ಯ ಹೇಳಿ ಅಲ್ಲ. ಡಬ್ಬಿಯ ಮೇಲೆ ‘ಮುಂದಿನ ತೆರವು’ ಎಂದು ವೇಳೆ ಬರೆದು, ಆ ವೇಳೆಗೆ ಬೀಗ ತೆಗೆದದ್ದರಿಂದ.

ಪಿನ್ ಕೋಡಿನ ಒಳಗೇ ಗಡಿನಾಡಿನ ಒಂದು ಪಾಠ ಅಡಗಿದೆ. ಆರು ಅಂಕಿಗಳಲ್ಲಿ ಮೊದಲನೆಯದು ವಲಯ, ಎರಡನೆಯದು ಉಪವಲಯ, ಮೂರನೆಯದು ವಿಂಗಡಣಾ ಜಿಲ್ಲೆ, ಕೊನೆಯ ಮೂರು ಬಟವಾಡೆ ಮಾಡುವ ಕಚೇರಿ. ಹಿಂದೂಪುರದ ಪಿನ್ 515201. ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದೂರದ ಗೌರಿಬಿದನೂರಿನದು 561208. ಎರಡನೆಯ ಅಂಕಿಯಲ್ಲೇ ದಾರಿ ಕವಲೊಡೆಯಿತು. ಪಾವಗಡವನ್ನು ನೋಡಿ: ತುಮಕೂರು ಜಿಲ್ಲೆಯ ತಾಲ್ಲೂಕು, ಮೂರು ಕಡೆ ಆಂಧ್ರ ಸುತ್ತುವರಿದಿದೆ, ಪಿನ್ 561202, ಅದೇ ಜಿಲ್ಲೆಯ ಮಧುಗಿರಿಯದು 572132. ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿರುವ ಊರುಗಳು ವಿಂಗಡಣೆಯ ಮೇಜಿನ ಮೇಲೆ ದೂರದೂರ ಇರಬಹುದು, ನಕ್ಷೆಯಲ್ಲಿ ದೂರವಿರುವವು ಒಂದೇ ಚೀಲದಲ್ಲಿ ಕೂರಬಹುದು. 2022ರಲ್ಲಿ ಜಿಲ್ಲೆ ಬದಲಾದರೂ ಸೋಮಂದೇಪಲ್ಲಿಯ ಪಿನ್ ಕೋಡಿನ ತಲೆಯಲ್ಲಿರುವ 515 ಬದಲಾಗಲಿಲ್ಲ. ಅನಂತಪುರ ನಗರದ ಪಿನ್ ಕೋಡೂ ಅದೇ 515ರಿಂದ ಶುರು. ಹೀಗಾಗಿ ‘ಪಕ್ಕದ ಊರಿಗೆ ಎರಡು ದಿನ ಆಯಿತು, ನಮಗೂ ಎರಡೇ ದಿನ’ ಎಂಬ ಲೆಕ್ಕ ಗಡಿಯಲ್ಲಿ ನಿಲ್ಲುವುದಿಲ್ಲ. ಊರು ಯಾವ ಊರಿನ ಪಕ್ಕದಲ್ಲಿದೆ ಎಂಬುದಕ್ಕಿಂತ ಯಾವ ಚೀಲದಲ್ಲಿದೆ, ಯಾವ ಗಾಡಿಯ ಸುತ್ತಿನಲ್ಲಿದೆ ಎಂದು ಕೇಳಬೇಕು.

ಈಗ ಊಹೆಯ ಗಣಿತಕ್ಕೆ ಬರೋಣ. ತಿಳಿಯಲಿ ಎಂದು ಒಂದು ಕಲ್ಪಿತ ಲೆಕ್ಕ. ಹತ್ತು ಪಾರ್ಸೆಲ್ ಬಂದವು. ಆರು ಮೂರನೆಯ ದಿನ, ನಾಲ್ಕು ಐದನೆಯ ದಿನ. ಸರಾಸರಿ 3.8 ದಿನ. ಆ್ಯಪ್ ಅದನ್ನು ದುಂಡಗೆ ಮಾಡಿ ‘ನಾಲ್ಕನೆಯ ದಿನ’ ಎನ್ನುತ್ತದೆ. ಆದರೆ ನಾಲ್ಕನೆಯ ದಿನ ಬಂದ ಪಾರ್ಸೆಲ್ ಒಂದೂ ಇಲ್ಲ! ಸರಾಸರಿ ತೋರಿಸಿದ ದಿನ ಮನೆಯಲ್ಲಿ ಕಾದವರೆಲ್ಲ ಕೆಟ್ಟರು. ಯಾಕೆ ಹೀಗೆ? ಇಲ್ಲಿ ಎರಡು ಬಗೆಯ ಪಾರ್ಸೆಲ್ಲುಗಳಿವೆ: ಗಾಡಿ ಹೊರಡುವ ಮೊದಲು ಚೀಲ ಸೇರಿದವು, ಗಾಡಿ ಹೊರಟ ಮೇಲೆ ಬಂದು ಮುಂದಿನ ಸುತ್ತಿಗೆ ಕಾದವು. ಎರಡನ್ನೂ ಕಲಸಿದಾಗ ಹುಟ್ಟಿದ ಅಂಕಿ ಯಾರದ್ದೂ ಅಲ್ಲ. ಚೀಲ ಗಾಡಿ ಸೇರಿತೇ ಇಲ್ಲವೇ ಎಂಬ ಒಂದೇ ಸಂಗತಿ ಗೊತ್ತಾದರೆ ಸಾಕು, ಈ ಲೆಕ್ಕದಲ್ಲಿ ಅನಿಶ್ಚಯವೇ ಉಳಿಯುವುದಿಲ್ಲ. ಮೂರು ಎಂದರೆ ಮೂರು, ಐದು ಎಂದರೆ ಐದು. ಅಂದಾಜನ್ನು ಸರಿಯಾದ ಮಾಹಿತಿಯ ಆಧಾರದ ಮೇಲೆ ಮತ್ತೆ ಕಟ್ಟಿದರೆ ಅದರ ಏರುಪೇರು ಕುಗ್ಗುತ್ತದೆ, ಹಿಗ್ಗುವುದಂತೂ ಇಲ್ಲ. ಈ ತತ್ತ್ವದ ಒಂದು ಖಚಿತ ರೂಪವನ್ನು 1945ರ ಲೇಖನವೊಂದರಲ್ಲಿ ಕೊಟ್ಟವರು ಸಿ. ಆರ್. ರಾವ್, ಸಂಖ್ಯಾಶಾಸ್ತ್ರದಲ್ಲಿ ಅದು ಇಂದಿಗೂ ಅವರ ಮತ್ತು ಬ್ಲ್ಯಾಕ್‌ವೆಲ್ ಅವರ ಹೆಸರಿನಲ್ಲಿ ನಡೆಯುತ್ತಿದೆ. ಅವರು 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ. ಕನ್ನಡದ ನೆಲ, ತೆಲುಗಿನ ಮನೆ ಎರಡೂ ಕೂಡಿದ ಈ ಸೀಮೆಗೆ ಆ ಹೆಸರು ಪರಕೀಯವಲ್ಲ.

ಸಣ್ಣ ಊರಿಗೆ ಇನ್ನೊಂದು ತೊಡಕಿದೆ. ಲೆಕ್ಕಕ್ಕೆ ಸಿಗುವ ಸಂಖ್ಯೆಯೇ ಕಡಿಮೆ. ಒಂದು ಹಳ್ಳಿಗೆ ತಿಂಗಳಲ್ಲಿ ಇಪ್ಪತ್ತು ಪಾರ್ಸೆಲ್ ಬಂದವು, ಒಂದೂ ತಪ್ಪಲಿಲ್ಲ ಎಂದುಕೊಳ್ಳಿ. ‘ನೂರಕ್ಕೆ ನೂರು’ ಎಂದು ಬೆನ್ನು ತಟ್ಟಿಕೊಳ್ಳಬಹುದೆ? ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂಬ ಸರಳ ಸೂತ್ರವಿದೆ: ಇಷ್ಟು ಸಲದಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದರೆ, ನಿಜವಾದ ತಪ್ಪಿನ ಪ್ರಮಾಣ ಮೂರನ್ನು ಆ ಸಂಖ್ಯೆಯಿಂದ ಭಾಗಿಸಿದಷ್ಟು ಇರಲು ಸಾಧ್ಯ. ಇಪ್ಪತ್ತಕ್ಕೆ ಮೂರು ಎಂದರೆ ನೂರಕ್ಕೆ ಹದಿನೈದು. ಒಮ್ಮೆಯೂ ತಪ್ಪದ ಹಳ್ಳಿಯಲ್ಲೂ ನೂರರಲ್ಲಿ ಹದಿನೈದು ತಪ್ಪುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಪರಿಹಾರ ಊರುಗಳನ್ನು ಕೂಡಿಸಿ ನೋಡುವುದು. 1950ರ ದಶಕದಲ್ಲಿ ಚಾರ್ಲ್ಸ್ ಸ್ಟೈನ್ ತೋರಿಸಿದ ಅಚ್ಚರಿಯ ಸಂಗತಿಯ ಸಾರವೂ ಇಷ್ಟೇ: ಹಲವು ಅಂದಾಜುಗಳನ್ನು ಒಟ್ಟಿಗೆ ಮಾಡುವಾಗ ಒಂದೊಂದನ್ನೂ ಪ್ರತ್ಯೇಕ ಇಡುವುದಕ್ಕಿಂತ ಒಟ್ಟಿನ ಕಡೆಗೆ ತುಸು ಎಳೆದುಕೊಂಡರೆ ಒಟ್ಟು ತಪ್ಪು ಕಡಿಮೆಯಾಗುತ್ತದೆ. ಆದರೆ ಯಾವ ಊರಿನ ಜೊತೆ ಯಾವ ಊರನ್ನು ಕೂಡಿಸಬೇಕು? ಜಿಲ್ಲೆಯಂತೆ ಕೂಡಿಸಿದರೆ ಬೇರೆ ಬೇರೆ ಗಾಡಿಗಳ ಊರುಗಳು ಒಂದೇ ಮೂಟೆಗೆ ಬೀಳುತ್ತವೆ. ಒಂದೇ ಗಾಡಿಯ ಸುತ್ತಿನಲ್ಲಿರುವ ಆರು ಹಳ್ಳಿಗಳನ್ನು ಕೂಡಿಸಿದರೆ ಇಪ್ಪತ್ತು ನೂರಿಪ್ಪತ್ತಾಗುತ್ತದೆ, ಹದಿನೈದರ ಸಂಶಯ ಎರಡೂವರೆಗೆ ಇಳಿಯುತ್ತದೆ. ಲೆಕ್ಕದ ಘಟಕ ಊರಲ್ಲ, ಸುತ್ತು. ಗಣಿತ ನಮ್ಮನ್ನು ಮತ್ತೆ ಗಾಡಿಯ ಬಳಿಗೇ ತಂದು ನಿಲ್ಲಿಸಿತು.

‘ನಾಳೆ’ ಎಂಬ ಮಾತಿನ ವಿಚಾರವನ್ನೂ ನೋಡಬೇಕು. ಒಂದು ಕಾಲದಲ್ಲಿ ಕರ್ನಾಟಕದ ಹಳ್ಳಿಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ತೆಲುಗು ಊರುಗಳ ಗೋಡೆಗಳಲ್ಲಿ ‘ಓ ಸ್ತ್ರೀ ರೇಪು ರಾ’ ಎಂಬ ಬರಹ ಇರುತ್ತಿತ್ತು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗಬೇಕು, ಮರುದಿನ ಮತ್ತೆ ಅದನ್ನೇ ಓದಿ ಹಿಂದಿರುಗಬೇಕು ಎಂಬುದು ಉಪಾಯ. ತಡವಾದ ಪಾರ್ಸೆಲ್ಲಿನ ಸಂದೇಶ ಇದೇ ಬಗೆಯದು: ಇವತ್ತು ನೋಡಿದರೆ ನಾಳೆ, ನಾಳೆ ನೋಡಿದರೂ ನಾಳೆ. ಇದನ್ನು ನಿರ್ಲಕ್ಷ್ಯ ಎಂದಷ್ಟೇ ಬೈದರೆ ಸಾಲದು, ಲೆಕ್ಕದಲ್ಲಿಯೂ ಇದು ತಪ್ಪು. ಹತ್ತು ಪಾರ್ಸೆಲ್ಲುಗಳಲ್ಲಿ ಮೂರು ಮೂರನೆಯ ದಿನ, ನಾಲ್ಕು ನಾಲ್ಕನೆಯ ದಿನ, ಎರಡು ಐದನೆಯ ದಿನ, ಒಂದು ಹನ್ನೆರಡನೆಯ ದಿನ ಬರುವ ಒಂದು ಸುತ್ತನ್ನು ಊಹಿಸಿ. ಐದನೆಯ ದಿನದ ಸಂಜೆಯೂ ಬಾರದ ಪಾರ್ಸೆಲ್ ಯಾವುದು? ಹನ್ನೆರಡನೆಯ ದಿನದ್ದೇ. ಮೊದಲ ದಿನ ಸುಮಾರು ನಾಲ್ಕೂಮುಕ್ಕಾಲು ದಿನ ಕಾಯಿರಿ ಎಂದು ಹೇಳಬೇಕಾಗಿದ್ದ ಜಾಗದಲ್ಲಿ, ಐದು ದಿನ ಕಾದ ಮೇಲೆ ಇನ್ನೂ ಏಳು ದಿನ ಎಂದು ಹೇಳಬೇಕಾಗುತ್ತದೆ. ತಡ ಹೆಚ್ಚಿದಂತೆ ಉಳಿದ ಕಾಲವೂ ಹೆಚ್ಚುವುದು ಇಂಥ ವ್ಯವಹಾರಗಳ ಸ್ವಭಾವ. ಯಾಕೆಂದರೆ ಅಷ್ಟು ತಡವಾದದ್ದು ಸುಮ್ಮನೆ ನಿಧಾನವಾಗಿರುವುದಿಲ್ಲ, ಎಲ್ಲೋ ದಾರಿ ತಪ್ಪಿರುತ್ತದೆ. ಆ ಹಂತದಲ್ಲಿ ಪ್ರಾಮಾಣಿಕ ಮುನ್ಸೂಚನೆ ‘ನಾಳೆ’ ಎನ್ನಬಾರದು. ‘ಹುಡುಕಿಸುತ್ತಿದ್ದೇವೆ, ವಾರ ಆಗಬಹುದು, ಬೇಡವಾದರೆ ಹಣ ವಾಪಸು’ ಎನ್ನಬೇಕು.

ಲೆಕ್ಕಕ್ಕೆ ಕೊಡುವ ದಾಖಲೆಯ ಗುಣವೂ ಮುಖ್ಯ. ಡೆಲಿವರಿ ಹುಡುಗ ನೆಟ್‌ವರ್ಕ್ ಸಿಗದ ಊರುಗಳನ್ನೆಲ್ಲ ಸುತ್ತಿ, ಸಂಜೆ ಮಂಡಲ ಕೇಂದ್ರಕ್ಕೆ ಬಂದು ಎಲ್ಲವನ್ನೂ ಒಟ್ಟಿಗೆ ದಾಖಲಿಸಿದರೆ, ಕಂಪ್ಯೂಟರು ಕಲಿಯುವುದು ಪಾರ್ಸೆಲ್ ತಲುಪಿದ ವೇಳೆಯನ್ನಲ್ಲ, ನೆಟ್‌ವರ್ಕ್ ಸಿಕ್ಕಿದ ವೇಳೆಯನ್ನು. ಮನೆಯವರು ಹೊಲಕ್ಕೆ ಹೋಗಿದ್ದಾಗ ಬಂದು ಮರಳಿದ ಪಾರ್ಸೆಲ್ ‘ಪ್ರಯತ್ನಿಸಲಾಯಿತು’ ಎಂಬ ಪದದಲ್ಲಿ ಮುಚ್ಚಿಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷ, ಬಂದು ಮುಟ್ಟಿದ ಪಾರ್ಸೆಲ್ಲುಗಳನ್ನು ಮಾತ್ರ ಎಣಿಸುವುದು. ಬೇಸತ್ತು ರದ್ದು ಮಾಡಿಸಿದ್ದು, ವಿಳಾಸ ಸಿಗದೆ ಹಿಂದಿರುಗಿದ್ದು ಎಣಿಕೆಗೇ ಬರುವುದಿಲ್ಲ. ತೀರಾ ನಿಧಾನವಾದವನ್ನು ಹೊರಗಿಟ್ಟು ತೆಗೆದ ಸರಾಸರಿ ಚೆಂದ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ವಿಳಾಸದ ಗೊಂದಲಕ್ಕೆ ಗಡಿನಾಡಿನಲ್ಲಿ ಭಾಷೆಯ ಎಳೆಯೂ ಇದೆ. ತೆಲುಗಿನ ‘ಪಲ್ಲಿ’ ನಮ್ಮ ‘ಹಳ್ಳಿ’ಯೇ, ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು. ಅಲ್ಲಿಯ ಕೊತ್ತಪಲ್ಲಿ ಇಲ್ಲಿಯ ಹೊಸಹಳ್ಳಿ. ಎರಡೂ ಹೆಸರಿನ ಊರುಗಳು ಲೆಕ್ಕವಿಲ್ಲದಷ್ಟಿವೆ. ಒಂದೇ ಊರನ್ನು ಕನ್ನಡದವರು ಒಂದು ಬಗೆ, ತೆಲುಗಿನವರು ಒಂದು ಬಗೆ, ಇಂಗ್ಲಿಷ್ ಅಕ್ಷರದಲ್ಲಿ ಮತ್ತೊಂದು ಬಗೆ ಬರೆದರೆ ಯಂತ್ರಕ್ಕೆ ಮೂರು ಊರು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಹೊರತಂದ ಡಿಜಿಪಿನ್, ದೇಶವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಹಂಚಿ ಪ್ರತಿಯೊಂದಕ್ಕೂ ಹತ್ತು ಅಕ್ಷರದ ಗುರುತು ಕೊಡುತ್ತದೆ. ‘ಯಾವ ಮನೆ’ ಎಂಬ ತೊಂದರೆಯನ್ನು ಅದು ಬಗೆಹರಿಸಬಲ್ಲದು. ‘ಯಾವ ದಿನ’ ಎಂಬುದನ್ನು ಬಗೆಹರಿಸುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಯಾವ ದಿನ ಎಂಬುದು ಖಚಿತವಾಗಿ ಗೊತ್ತಿರುವ ಬಟವಾಡೆ ಈ ಊರುಗಳಲ್ಲಿ ಇಲ್ಲವೇ? ಇದೆ, ಕಣ್ಣೆದುರಿಗೇ ಇದೆ. ಆಂಧ್ರದ ಗ್ರಾಮ ಸಚಿವಾಲಯಗಳು 2019ರ ಅಕ್ಟೋಬರ್ 2ರಂದು ಆರಂಭವಾದವು. ಆಮೇಲೆ ವೃದ್ಧರ, ವಿಧವೆಯರ, ಅಂಗವಿಕಲರ ಪಿಂಚಣಿ ತಿಂಗಳ ಒಂದನೆಯ ತಾರೀಖು ಮನೆಬಾಗಿಲಿಗೇ ಬರುವ ಪದ್ಧತಿ ಬಂತು. ಮೊದಲು ಸ್ವಯಂಸೇವಕರು ತರುತ್ತಿದ್ದರು, 2024ರ ಜುಲೈಯಿಂದ ಸಚಿವಾಲಯದ ನೌಕರರು ತರುತ್ತಿದ್ದಾರೆ. ಸರಕಾರ ಬದಲಾಯಿತು, ಯೋಜನೆಯ ಹೆಸರು ಬದಲಾಯಿತು, ತರುವ ಕೈ ಬದಲಾಯಿತು. ಒಂದನೆಯ ತಾರೀಖು ಬದಲಾಗಲಿಲ್ಲ. 2024ರ ಸೆಪ್ಟೆಂಬರ್ 1 ಭಾನುವಾರವಾದಾಗ ಹಿಂದಿನ ದಿನವೇ ಹಂಚಿದರು, ಅದನ್ನು ಮುಂಚೆಯೇ ಸಾರಿ ಹೇಳಿದರು. ಅಜ್ಜಿಗೆ ಅದಕ್ಕೆ ಆ್ಯಪ್ ಬೇಡ, ಗೋಡೆಯ ಕ್ಯಾಲೆಂಡರು ಸಾಕು. ಇನ್ನೊಂದು ಸಾಕ್ಷಿ ರೇಷ್ಮೆಯದು. ಹಿಂದೂಪುರದ ಗೂಡಿನ ಮಾರುಕಟ್ಟೆ, ಧರ್ಮಾವರದ ಮಗ್ಗ ಇರುವ ಸೀಮೆ ಇದು. ಪೊರೆ ಕಳಚುವ ಮೊದಲ ಎರಡು ‘ಜ್ವರ’ ದಾಟಿಸಿದ ಚಾಕಿ ಹುಳುವನ್ನು ಚಾಕಿ ಕೇಂದ್ರದಿಂದ ತರುವ ರೈತ ಮುಂಗಡ ಹೇಳಿ, ದಿನ ಗೊತ್ತುಮಾಡಿ, ಆ ದಿನಕ್ಕೆ ಹಿಪ್ಪುನೇರಳೆ ಸೊಪ್ಪು ಬಲಿಯುವಂತೆ ತೋಟವನ್ನು ತಯಾರು ಮಾಡಿಕೊಂಡಿರುತ್ತಾನೆ. ಹುಳು ಎರಡು ದಿನ ತಡವಾಗಿ ಬರಲಿ ನೋಡೋಣ ಎಂದು ಅಲ್ಲಿ ಯಾರೂ ಅನ್ನುವಂತಿಲ್ಲ. ಹಾಲಿನ ಗಾಡಿ ತುಂಬಲಿ ತುಂಬದಿರಲಿ ಹೊತ್ತಿಗೆ ಬರುತ್ತದೆ, ಪತ್ರಿಕೆಯ ಕಟ್ಟು ನಸುಕಿಗೆ ಬೀಳುತ್ತದೆ. ಒಂದು ಒಡೆಯುತ್ತದೆ, ಇನ್ನೊಂದು ಹಳಸುತ್ತದೆ. ತಡವಾದರೆ ನಷ್ಟ ತರುವವನದ್ದೇ. ಪಾರ್ಸೆಲ್ ಹಳಸುವುದಿಲ್ಲ, ಅದರ ತಡದ ನಷ್ಟವನ್ನು ಕಾಯುವವರು ಹೊರುತ್ತಾರೆ. ಅದು ಗೋದಾಮಿನಲ್ಲಿ ಕೂರುವುದಕ್ಕೆ ಇದೇ ಮೂಲ ಕಾರಣ.

ಗೊತ್ತುಪಡಿಸಿದ ದಿನದ ಲಾಭವನ್ನು ಅಂಕಿಗಳಲ್ಲೂ ತೋರಿಸಬಹುದು. ಗಾಡಿ ಸರಿಯಾಗಿ ಎರಡು ದಿನಕ್ಕೊಮ್ಮೆ ಹೊರಟರೆ, ನಡುವೆ ಯಾವಾಗಲೋ ಬಂದು ಸೇರುವ ಪಾರ್ಸೆಲ್ ಸರಾಸರಿ ಒಂದು ದಿನ ಕಾಯುತ್ತದೆ. ಅದೇ ಗಾಡಿ ಲೋಡು ನೋಡಿಕೊಂಡು ಒಮ್ಮೆ ಒಂದು ದಿನಕ್ಕೆ, ಮತ್ತೊಮ್ಮೆ ಮೂರು ದಿನಕ್ಕೆ ಹೊರಟಿತು ಎಂದುಕೊಳ್ಳಿ. ತಿಂಗಳ ಒಟ್ಟು ಸುತ್ತು ಅಷ್ಟೇ, ಸುಟ್ಟ ಡೀಸೆಲ್ ಅಷ್ಟೇ. ಆದರೆ ಸರಾಸರಿ ಕಾಯುವಿಕೆ ಒಂದೂಕಾಲು ದಿನ. ಉದ್ದನೆಯ ಬಿಡುವಿನಲ್ಲಿ ಹೆಚ್ಚು ಪಾರ್ಸೆಲ್ ಬಂದು ಬೀಳುತ್ತವೆ, ಅವೇ ಹೆಚ್ಚು ಹೊತ್ತು ಕಾಯುತ್ತವೆ. ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ, ಹೊರಡುವ ದಿನವನ್ನು ಸಮಗೊಳಿಸಿದ್ದರಿಂದಲೇ ಕಾಯುವಿಕೆಯಲ್ಲಿ ಐದರಲ್ಲೊಂದು ಪಾಲು ಉಳಿಯಿತು. ಜೊತೆಗೆ ‘ಯಾವಾಗ’ ಎಂಬುದಕ್ಕೆ ಉತ್ತರವೂ ಸಿಕ್ಕಿತು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು: ನಗರಕ್ಕೆ ಹತ್ತು ನಿಮಿಷದಲ್ಲಿ ತರಕಾರಿ, ಹಳ್ಳಿಗೆ ವಾರಕ್ಕೆ ಮೂರು ದಿನ ಎಂದರೆ ಅನ್ಯಾಯವಲ್ಲವೇ? ವೇಗ ಬೇಡ ಎಂದು ನಾನು ವಾದಿಸುತ್ತಿಲ್ಲ. ವೇಗವೂ ಖಾತರಿಯೂ ಬೇರೆ ಬೇರೆ ಸರಕು. ವೇಗಕ್ಕೆ ಹಣ ಬೇಕು, ಖಾತರಿಗೆ ಶಿಸ್ತು ಸಾಕು. 1854ರಲ್ಲಿ ದರದಲ್ಲಿ ಸಮಾನತೆ ಬಂದಂತೆ, ಇವತ್ತು ಮಾತಿನಲ್ಲಿ ಸಮಾನತೆ ಬರಲಿ: ನಗರದವರಿಗೆ ಕೊಟ್ಟ ವಾಯಿದೆಯನ್ನು ಎಷ್ಟು ಪಾಲು ಉಳಿಸಿಕೊಳ್ಳುತ್ತೀರೋ ಹಳ್ಳಿಯವರಿಗೆ ಕೊಟ್ಟದ್ದನ್ನೂ ಅಷ್ಟೇ ಪಾಲು ಉಳಿಸಿಕೊಳ್ಳಿ. ಎರಡನೆಯದು: ದೂರದ ತಾರೀಖು ಹೇಳಿ ಮೊದಲೇ ತಂದುಕೊಟ್ಟರೆ ಯಾರಿಗೂ ಬೇಸರವಿಲ್ಲವಲ್ಲ? ಬೇಸರವಿದೆ. ಹಿಂದೂಪುರದ ಸುತ್ತಿನ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಮುಂಜಾನೆ ಮನೆ ಬಿಟ್ಟರೆ ಬರುವುದು ಸಂಜೆ. ಕೂಲಿಗೆ ಹೋದವರ ಮನೆಗೂ ಬೀಗ. ಹೇಳದೆ ಎರಡು ದಿನ ಮೊದಲೇ ಬಂದ ಪಾರ್ಸೆಲ್ ಬೀಗ ನೋಡಿ ವಾಪಸು ಹೋಗುತ್ತದೆ. ತಡ ಎಷ್ಟು ತಪ್ಪೋ, ಹೇಳದೆ ಬಂದ ಬೇಗವೂ ಅಷ್ಟೇ ತಪ್ಪು. ಮೂರನೆಯದು: ಔಷಧದಂಥ ತುರ್ತಿಗೆ ಏನು ಮಾಡುವುದು? ತುರ್ತಿಗೆ ಬಸ್ಸಿದೆ. ಬಸ್ಸಿನಲ್ಲಿ ಪಾರ್ಸೆಲ್ ಹಾಕಿ, ನಿಲ್ದಾಣದಲ್ಲಿ ಇಳಿಸಿಕೊಳ್ಳುವ ರೂಢಿ ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳಲ್ಲಿದೆ; ಕರ್ನಾಟಕದಲ್ಲಿ 2021ರಿಂದ ಅದಕ್ಕೆ ‘ನಮ್ಮ ಕಾರ್ಗೋ’ ಎಂದು ಹೆಸರು. ಅಲ್ಲಿಯೂ ನಂಬಿಕೆ ಹುಟ್ಟುವುದು ಬಸ್ಸಿಗೆ ವೇಳಾಪಟ್ಟಿ ಇರುವುದರಿಂದಲೇ.

ನಾಲ್ಕನೆಯ ಆಕ್ಷೇಪ ಇಂದಿನ ಕಾಲದ್ದು: ಕೃತಕ ಬುದ್ಧಿಮತ್ತೆ ಇಷ್ಟು ಮುಂದುವರಿದಿರುವಾಗ ಲೋಡು, ಹಬ್ಬ, ಸಂತೆ ಎಲ್ಲವನ್ನೂ ಗಮನಿಸಿ ನಿಖರವಾಗಿ ಹೇಳಲಾರದೆ? ದೊಡ್ಡ ಊರಿಗೆ ಹೇಳುತ್ತದೆ, ಅಲ್ಲಿ ದಿನಕ್ಕೆ ಸಾವಿರಾರು ಉದಾಹರಣೆಗಳಿವೆ. ಇಲ್ಲಿ ತಿಂಗಳಿಗೆ ಇಪ್ಪತ್ತು. ಮೇಲಾಗಿ ಗಾಡಿ ಹೊರಡುವುದು ‘ತುಂಬಿದಾಗ’ ಎಂದಿದ್ದರೆ, ಹೊರಡಿಸುವವನಿಗೇ ಇನ್ನೂ ಗೊತ್ತಿಲ್ಲದ ತೀರ್ಮಾನವನ್ನು ಯಂತ್ರ ಊಹಿಸಬೇಕು. ತೀರ್ಮಾನವನ್ನು ಮೊದಲೇ ಮಾಡಿ ಹೇಳಿಬಿಟ್ಟರೆ ಊಹೆಗೆ ಕೆಲಸವೇ ಇರುವುದಿಲ್ಲ. ಯಂತ್ರವನ್ನು ಅದರ ನಿಜವಾದ ಕೆಲಸಕ್ಕೆ ಹಚ್ಚಬಹುದು: ಚೀಲ ಸೇರದ ಪಾರ್ಸೆಲ್ ಯಾವುದು, ದಾರಿ ತಪ್ಪಿದ್ದು ಯಾವುದು ಎಂದು ಅದೇ ದಿನ ಹಿಡಿದು ತಿಳಿಸುವುದು. ಐದನೆಯದು, ಖಾಸಗಿ ಕಂಪನಿಗಳನ್ನು ಯಾರು ಒಪ್ಪಿಸುತ್ತಾರೆ ಎಂಬ ಪ್ರಶ್ನೆ. ಮೊದಲು ಒಪ್ಪಬೇಕಾದದ್ದು ಸಾರ್ವಜನಿಕ ಅಂಚೆ. ದೇಶದ 1,64,000ಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಹತ್ತರಲ್ಲಿ ಒಂಬತ್ತು ಹಳ್ಳಿಯಲ್ಲಿವೆ. ಶಾಖಾ ಅಂಚೆ ಕಚೇರಿಯ ಗ್ರಾಮೀಣ ಡಾಕ್ ಸೇವಕರ ಕೆಲಸದ ಅವಧಿ ದಿನಕ್ಕೆ ನಾಲ್ಕೈದು ಗಂಟೆ. ಚೀಲ ಬರುವ ವೇಳೆ, ಹೋಗುವ ವೇಳೆ ಅವರಿಗೆ ಬಾಯಿಪಾಠ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಹೆಸರಿನಲ್ಲಿ ವೇಗ ಬಂದ ಮೇಲೆ ವೇಳೆ ಹೇಳುವ ಹೊಣೆ ಇನ್ನೂ ಹೆಚ್ಚು. ಅಂಚೆ ದಿನ ಹೇಳಿ ನಡೆದುಕೊಂಡರೆ ಉಳಿದವರಿಗೆ ಅದೇ ಅಳತೆಗೋಲಾಗುತ್ತದೆ.

ಕೊನೆಗೆ ಒಂದು ಬಿನ್ನಹ. ಇದಕ್ಕೆ ಹೊಸ ಕಾಯಿದೆ ಬೇಡ, ಹೊಸ ಆ್ಯಪ್ ಬೇಡ. ಸೋಮಂದೇಪಲ್ಲಿಯಂಥ ಪ್ರತಿ ಮಂಡಲದಲ್ಲಿ, ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ, ಅಂಚೆ ಕಚೇರಿಯ ಗೋಡೆಯ ಮೇಲೆ ಮತ್ತು ಗ್ರಾಮ ಸಚಿವಾಲಯದ ಫಲಕದ ಮೇಲೆ, ಕನ್ನಡದವರಿರುವ ಕಡೆ ತೆಲುಗು ಕನ್ನಡ ಎರಡರಲ್ಲೂ, ನಾಲ್ಕು ಸಾಲು ಬರೆಸಿ: ಯಾವ ಹಳ್ಳಿಗೆ ಯಾವ ವಾರ ಬಟವಾಡೆ, ಆ ದಿನದ ಚೀಲ ಕಟ್ಟುವ ಹೊತ್ತು ಯಾವುದು, ಈ ತಿಂಗಳು ಬಾರದ ದಿನಗಳು ಯಾವುವು, ಕಳೆದ ತಿಂಗಳು ಹೇಳಿದ ದಿನಕ್ಕೆ ಬಂದದ್ದು ಎಷ್ಟು, ಬಾರದ್ದು ಎಷ್ಟು. ನಾಲ್ಕನೆಯ ಸಾಲನ್ನು ಮಾತ್ರ ಬಿಡಬೇಡಿ. ಮೊದಲ ಮೂರನ್ನು ಕಾಯುವುದು ಅದೇ.